ಕರೆಂಟ್ ಕೊಡಿಸಿಕೊಂಡವರನ್ನು ಮುಟ್ಟಬಹುದಾ?

ಮುಟ್ಟಬಹುದು. ತಬ್ಬಿಕೊಳ್ಳಬಹುದು. ಪಕ್ಕದಲ್ಲಿ ಮಲಗಬಹುದು. ಬಸುರಿ ಸೊಸೆ ಅದೇ ಮನೆಯಲ್ಲಿ ಇರಬಹುದು. ಅವರ ಬಟ್ಟೆಯನ್ನು ಬೇರೆ ಒಗೆಯಬೇಕಿಲ್ಲ.

ಕ್ಯಾನ್ಸರಿಗೆ ವಿಕಿರಣದ ಚಿಕಿತ್ಸೆ ಕೊಡುವ ರೇಡಿಯೋಥೆರಪಿ ಮಷೀನು ನಡೆಸುವುದು ನನ್ನ ಕೆಲಸ. ನಮ್ಮ ಕಡೆ ಅದನ್ನು ಕರೆಂಟ್ ಕೊಡುವುದು ಅಂತಾರೆ. ಮದುವೆ ಮನೆಯಾಗಲಿ, ಬಸ್ಸಾಗಲಿ, ನನ್ನ ಕೆಲಸ ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಅದೂ ದನಿ ತಗ್ಗಿಸಿ. ಆ ತಗ್ಗಿದ ದನಿ ಕೇಳಿದರೇ ನನಗೆ ಸಿಟ್ಟು ಬರುತ್ತದೆ. ಆಸ್ಪತ್ರೆಯಲ್ಲಂತೂ ಪೇಷಂಟ್ ಪಕ್ಕದ ಬೆಂಚಿನಲ್ಲೇ ಕೂತಿರುತ್ತಾರೆ. ಅವರಿಗೆ ಎಲ್ಲಾ ಕೇಳಿಸುತ್ತದೆ.

ಲೀನಿಯರ್ ಆಕ್ಸಿಲರೇಟರ್ ಅನ್ನುವ ಈ ಕರೆಂಟ್ ಮಷೀನಿನಿಂದ ಹೆಚ್ಚಾಗಿ ಕೊಡುವುದು ಎಕ್ಸ್-ರೇ. ಎದೆಯ ಫೋಟೋ ತೆಗೆಯುವ ಎಕ್ಸ್-ರೇಗಿಂತ ತುಂಬಾ ಜೋರಾದದ್ದು, ಅಷ್ಟೇ. ಆನ್ ಮಾಡಿದರೆ ಬರುತ್ತದೆ, ಆಫ್ ಮಾಡಿದರೆ ನಿಲ್ಲುತ್ತದೆ. ಟ್ಯೂಬ್‌ಲೈಟ್ ಕೆಳಗೆ ಕೂತು ಎದ್ದು ಬಂದವರ ಮೈಯಲ್ಲಿ ಬೆಳಕು ಉಳಿಯುತ್ತದಾ? ಹಳೇ ಕೋಬಾಲ್ಟ್ ಮಷೀನಿನಲ್ಲೂ ವಿಕಿರಣ ಸೂಸುವ ಕೋಬಾಲ್ಟ್ ಒಳಗೇ ಇರುತ್ತದೆ, ಪೇಷಂಟ್ ಮೈಗೆ ಬರುವುದಿಲ್ಲ. ವಿಕಿರಣದ ಔಷಧಿ ಮೈಯೊಳಗೆ ಉಳಿಯುವಂಥ ಚಿಕಿತ್ಸೆಯ ಲೆಕ್ಕ ಮಾತ್ರ ಬೇರೆ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣದ ಅಯೋಡಿನ್ ಕೊಟ್ಟಾಗ ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಬೇಕು. ಅದನ್ನು ಆಸ್ಪತ್ರೆಯವರೇ ಹೇಳಿ ಕಳಿಸುತ್ತಾರೆ. ಅದನ್ನೂ ಇದನ್ನೂ ಬೆರೆಸಬೇಡಿ.

ಒಬ್ಬರು ಅಜ್ಜಿ ಬರುತ್ತಿದ್ದರು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿ ಹಾಕಿ ಕೆನ್ನೆಯೊಳಗೆ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆದಮೇಲೆ 30 ಸಿಟ್ಟಿಂಗ್ ಕರೆಂಟ್. ದಿನಕ್ಕೆ 2 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ), ವಾರಕ್ಕೆ 5 ದಿನ, ಒಟ್ಟು 6 ವಾರ. ತಲೆ ಅಲುಗಬಾರದು ಅಂತ ಪ್ಲಾಸ್ಟಿಕ್ ಜಾಲರಿಯೊಂದನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಮುಖದ ಮೇಲೆ ಎಳೆದು ಕೂರಿಸಿ, ಅವರ ಮುಖದ್ದೇ ಮಾಸ್ಕ್ ಮಾಡುತ್ತೇವೆ. ದಿನಾ ಅದನ್ನು ಹಾಕಿ ಮೇಜಿಗೆ ಲಾಕ್ ಮಾಡುತ್ತೇವೆ. ಎದ್ದಾಗ ಹಣೆ, ಕೆನ್ನೆ ಮೇಲೆಲ್ಲಾ ಚುಕ್ಕಿ ಚುಕ್ಕಿ ಗುರುತು. ಅಜ್ಜಿ ಹೊರಗೆ ಹೋಗುವ ಮುಂಚೆ ಸೆರಗಿನಿಂದ ಉಜ್ಜಿ ಉಜ್ಜಿ ಅದನ್ನು ಅಳಿಸಲು ನೋಡುತ್ತಿದ್ದರು.

"ಉಜ್ಜಬೇಡಿ ಅಜ್ಜಿ, ಚರ್ಮ ಕಿತ್ತುಹೋಗುತ್ತೆ" ಅಂದೆ.

"ಮಗು ಹೆದರಿಕೊಳ್ಳುತ್ತೆ ಕಣವ್ವ. ಮೊದಲೇ ಹತ್ರ ಬಿಡಲ್ಲ" ಅಂದರು.

ಇದ್ದದ್ದು ಮಗನ ಮನೆಯಲ್ಲೇ. ತಟ್ಟೆ ಬೇರೆ, ಚಾಪೆ ಬೇರೆ. ಊಟವನ್ನು ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದರಂತೆ. ಮೂರನೇ ವಾರಕ್ಕೆ ಬಾಯಿ ತುಂಬಾ ಹುಣ್ಣು. ನೀರು ಕುಡಿದರೂ ಉರಿ. ಒಂದು ದಿನ ಮಾಸ್ಕ್ ಹಾಕಿದರೆ ಕೆನ್ನೆ ಪಕ್ಕ ನನ್ನ ಬೆರಳು ಸಲೀಸಾಗಿ ಒಳಗೆ ಹೋಯಿತು. ಅಷ್ಟು ಇಳಿದುಹೋಗಿದ್ದರು.

ತಕ್ಷಣ ಡಾಕ್ಟರಿಗೆ ಹೇಳಿದೆ. ಆಮೇಲೆ ಮಗ, ಸೊಸೆ ಇಬ್ಬರನ್ನೂ ಒಳಗೆ ಕರೆದೆ. ಜೋರಾಗೇ ಮಾತಾಡಿದೆ. ನಾನು ದಿನಾ ಇವರ ಕೈ ಹಿಡಿದು ಎಬ್ಬಿಸುತ್ತೇನೆ, ಮನೆಗೆ ಹೋಗಿ ನನ್ನ ಮಗಳಿಗೆ ತುತ್ತು ಕೊಡುತ್ತೇನೆ, ನಿಮಗೇನು ಭಯ ಅಂದೆ.

ನನ್ನನ್ನು ಕೇಳಬೇಕಾದ್ದು ಬೇರೆ ಇದೆ. ಬಾಯಿ ಹುಣ್ಣಾದವರಿಗೆ ಏನು ತಿನ್ನಿಸೋದು? ಇದನ್ನು ಕೇಳಿ, ಎಷ್ಟು ಹೊತ್ತಾದರೂ ಹೇಳುತ್ತೇನೆ. ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಲಿ. ಖಾರ, ಹುಳಿ ಬೇಡ. ರಾಗಿ ಗಂಜಿ, ಮೆತ್ತಗಿನ ಹೆಸರುಬೇಳೆ ಪೊಂಗಲ್, ಮೊಟ್ಟೆ, ಮೇಲೆ ತುಪ್ಪ. ಎಲ್ಲಾ ಬಿಸಿ ಆರಿಸಿ ಕೊಡಿ. ರುಚಿ ಗೊತ್ತಾಗುವುದಿಲ್ಲ, ಎಂಜಲು ಒಣಗಿರುತ್ತದೆ, ಬೇಡ ಅಂತಾರೆ. ಪಕ್ಕದಲ್ಲಿ ಕೂತು ಒಂದೊಂದೇ ಚಮಚ ಕುಡಿಸಿ. ಅದೂ ಇಳಿಯದಿದ್ದರೆ ಡಾಕ್ಟರ್ ಮೂಗಿನಿಂದ ಟ್ಯೂಬ್ ಹಾಕುತ್ತಾರೆ, ಅದಕ್ಕೆ ಹೆದರಬೇಡಿ. ಹಬ್ಬ, ಜಾತ್ರೆ ಅಂತ ಸಿಟ್ಟಿಂಗ್ ತಪ್ಪಿಸಬೇಡಿ. ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ.

ಸೊಸೆ ಅವತ್ತು ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಅಜ್ಜಿ ಎದ್ದು ಹೊರಗೆ ಬಂದಾಗ ಬಾಗಿಲಲ್ಲೇ ನಿಂತಿದ್ದರು. ಸೊಂಟದ ಮೇಲೆ ಮಗು. ಅದು ಅಜ್ಜಿ ಕೆನ್ನೆಯ ಚುಕ್ಕಿಗಳನ್ನೇ ನೋಡುತ್ತಿತ್ತು.

"ಮೇಡಂ, ರಾಗಿ ಅಂಬಲಿಗೆ ಮಜ್ಜಿಗೆ ಹಾಕಬಹುದಾ? ಉರಿಯಲ್ವಾ?" ಬೆಂಚಿನಲ್ಲಿ ಕೂತವರಿಗೆಲ್ಲಾ ಕೇಳುವ ಹಾಗೆ ಕೇಳಿದರು.

"ಹುಳಿ ಮಜ್ಜಿಗೆ ಬೇಡಮ್ಮ. ಹಾಲು ಹಾಕಿ ಕುಡಿಸಿ" ಅಂದೆ.