ಮಂಜಿನ ಅಡಿಯ ಕೆಂಪು

ಜುಲೈ ತಿಂಗಳು. ಮಡಿಕೇರಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಜಗಲಿಯಲ್ಲಿ ಕೂತು ಎದುರಿನ ಗುಡ್ಡವನ್ನು ಅಕ್ರಿಲಿಕ್‌ನಲ್ಲಿ ಬರೆಯುತ್ತಿದ್ದೆ. ಕಾಫಿ ತೋಟ, ಸಿಲ್ವರ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಎಲ್ಲದರ ಮೇಲೆ ಮಂಜು.

ಎರಡು ದಿನ ಮುಂಚೆಯೇ ಇಡೀ ಕ್ಯಾನ್ವಾಸಿಗೆ ಬರ್ಂಟ್ ಸಿಯೆನ್ನಾ ತೆಳ್ಳಗೆ ಬಳಿದಿದ್ದೆ. ಇಟಲಿಯ ಸಿಯೆನಾ ಊರಿನ ಮಣ್ಣು ಸುಟ್ಟು ಮಾಡುತ್ತಿದ್ದ ಬಣ್ಣ ಅದು. ಆದರೆ ನನಗೆ ಅದು ನಮ್ಮ ರಸ್ತೆ ಬದಿಯ ಬರೆಯ, ಅಂದರೆ ಗುಡ್ಡ ಕಡಿದಲ್ಲಿ ಕಾಣುವ ಮಣ್ಣಿನ ಗೋಡೆಯ ಬಣ್ಣ. ಮಳೆ ಬಿದ್ದ ಮೇಲೆ ಬರೆ ನೋಡಿದ್ದೀರಲ್ವಾ? ಅದೇ ಕೆಂಪು. ಅಡಿಯಲ್ಲಿ ಕೆಂಪಿದ್ದರೆ ಮೇಲಿನ ಹಸಿರಿಗೆ ಜೀವ ಬರುತ್ತದೆ.

ಹಸಿರಿನವರೆಗೆ ಎಲ್ಲ ಚೆನ್ನಾಗಿತ್ತು. ಮಂಜಿಗೆ ಬಂದಾಗ ಟೈಟೇನಿಯಂ ಬಿಳಿ ತೆಗೆದುಕೊಂಡು ಗುಡ್ಡದ ಮೇಲೆಲ್ಲ ಬಳಿದೆ. ಅಡಿಯದ್ದನ್ನೆಲ್ಲ ಮುಚ್ಚಿಬಿಡುವ ಬಿಳಿ ಅದು. ಕಾಫಿ ತಂದ ಅಮ್ಮ ನೋಡಿ, "ಗುಡ್ಡಕ್ಕೆ ಸುಣ್ಣ ಹೊಡೆದ ಹಾಗೆ ಉಂಟಲ್ಲ ಮಗಾ" ಅಂದರು. ನಿಜ. ಎದೆ ಧಸಕ್ಕೆಂದಿತು.

ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದೆ. ಬೇಸಿಗೆಯಾಗಿದ್ದರೆ ಅಷ್ಟು ಹೊತ್ತಿಗೆ ಬಣ್ಣ ಹಿಡಿದುಬಿಡುತ್ತಿತ್ತು. ಮಳೆಗಾಲದ ತೇವ ನನ್ನನ್ನು ಉಳಿಸಿತು. ಅಡಿಯ ಪದರ ಪೂರ್ತಿ ಒಣಗಿತ್ತು, ಒಣಗಿದ ಅಕ್ರಿಲಿಕ್ ನೀರಿಗೆ ಕರಗುವುದಿಲ್ಲ. ಹಾಗಾಗಿ ಬಿಳಿ ಮಾತ್ರ ಎದ್ದು ಬಂತು, ಅದೂ ಪೂರ್ತಿ ಅಲ್ಲ. ಕ್ಯಾನ್ವಾಸಿನ ನೂಲಿನ ಸಂದಿಯಲ್ಲಿ ಹೊಗೆಯಂತೆ ಒಂದಿಷ್ಟು ಉಳಿಯಿತು. ಅದರೊಳಗಿಂದ ಹಸಿರು, ಹಸಿರಿನ ಸಂದಿಯಿಂದ ಕೆಂಪು. ಒಂದು ಸಿಲ್ವರ್ ಮರದ ಕಾಂಡ ಅರ್ಧ ಕಂಡು ಅರ್ಧ ಮಾಯವಾಗಿತ್ತು. ಮಂಜು ಅಂದರೆ ಇದೇ! ಕಾಫಿ ಆರಿಹೋಗಿದ್ದು ಗೊತ್ತೇ ಆಗಲಿಲ್ಲ.

ಹಳೆಯ ತೈಲಚಿತ್ರಗಳಲ್ಲಿ ಕಾಲ ಕಳೆದಂತೆ ಮೇಲಿನ ಬಣ್ಣ ಪಾರದರ್ಶಕವಾಗಿ, ಕಲಾವಿದ ಮುಚ್ಚಿದ್ದ ಗೆರೆಗಳು ಮೇಲೆ ಕಾಣುವುದುಂಟು. ಪೆಂಟಿಮೆಂಟೋ ಅನ್ನುತ್ತಾರೆ. ಅಲ್ಲಿ ಅದು ತಾನಾಗಿ ಆಗುವಂಥದ್ದು. ನನ್ನ ಅಕ್ರಿಲಿಕ್‌ನಲ್ಲಿ ನಾನೇ ಜಾಗ ಬಿಡಬೇಕು.

ಮರುದಿನ ಜಿಂಕ್ ಬಿಳಿ ಹಿಡಿದೆ. ಅದು ಅಷ್ಟು ಗಟ್ಟಿಯಾಗಿ ಮುಚ್ಚುವುದಿಲ್ಲ. ಬಣ್ಣವನ್ನು ತೆಳುವಾಗಿ ಪಾರದರ್ಶಕ ಮಾಡುವ ಗ್ಲೇಜಿಂಗ್ ಮೀಡಿಯಂ ಜಾಸ್ತಿ, ಬಣ್ಣ ಚೂರೇ ಚೂರು. ನಾಲ್ಕು ಪದರ, ಒಂದು ಒಣಗಿದ ಮೇಲೆ ಇನ್ನೊಂದು. ಕಣಿವೆಯಲ್ಲಿ ದಟ್ಟ, ಮೇಲೆ ಹೋದಂತೆ ತೆಳು. ಎಡಗಡೆ ಕೆಳಗೆ ಎರಡು ಬೆರಳಿನಷ್ಟು ಅಗಲಕ್ಕೆ ಏನೂ ಹಚ್ಚಲಿಲ್ಲ.

ಅಮ್ಮ ಬಗ್ಗಿ ನೋಡಿದರು. "ಇಲ್ಲಿ ಬಣ್ಣ ಹಚ್ಚಲಿಕ್ಕೆ ಬಾಕಿ ಉಂಟಲ್ವಾ?"

"ಇಲ್ಲಮ್ಮ. ಅದು ನಮ್ಮ ಬರೆ."