ತಪ್ಪಿನಿಂದ ಕಣ್ಣು, ಮೆದುಳು ಆಗ್ಲಿಕ್ಕುಂಟಾ ಟೀಚರ್?

ನಾನು ಮಂಗಳೂರಿನಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುವವಳು. ಮದುವೆ ಊಟದ ಪಂಕ್ತಿಯಲ್ಲೂ ನನ್ನನ್ನು ಬಿಡದ ಒಂದು ಪ್ರಶ್ನೆ ಉಂಟು. "ಮ್ಯುಟೇಶನ್ ಅಂದ್ರೆ ಜೀನಿನಲ್ಲಿ ಆಗುವ ತಪ್ಪು ಅಲ್ವಾ? ತಪ್ಪಿನ ಮೇಲೆ ತಪ್ಪು ಸೇರಿ ಕಣ್ಣು, ಮೆದುಳು ಎಲ್ಲ ಆಗ್ಲಿಕ್ಕುಂಟಾ? ಯಾರೋ ಯೋಚನೆ ಮಾಡಿಯೇ ಮಾಡಿರ್ಬೇಕು." ಈ ಕೊನೆಯ ಮಾತನ್ನೇ ಅಮೆರಿಕದಲ್ಲಿ ಇಂಟೆಲಿಜೆಂಟ್ ಡಿಸೈನ್ ಅನ್ನುತ್ತಾರೆ.

ನನ್ನ ತಕರಾರು ಇರುವುದು 'ತಪ್ಪು' ಅನ್ನುವ ಪದದ ಮೇಲೆ. ಮಲೇರಿಯಾವನ್ನೇ ತೆಗೆದುಕೊಳ್ಳಿ. ನಮ್ಮ ಊರಿಗೆ ಅದೇನು ಹೊಸತಲ್ಲ, ನನಗೇ ಎರಡು ಸಲ ಬಂದು 14 ದಿನ ಪ್ರೈಮಾಕ್ವಿನ್ ನುಂಗಿದ್ದಾಗಿದೆ. ಇಲ್ಲಿ ಜಾಸ್ತಿ ಕಾಣುವ ವೈವಾಕ್ಸ್ ಮಲೇರಿಯಾದ ರೋಗಾಣು ಕೆಂಪು ರಕ್ತಕಣದೊಳಗೆ ನುಗ್ಗುವುದು ಡಫಿ ಎಂಬ ಪ್ರೋಟೀನನ್ನು ಹಿಡಿದುಕೊಂಡು. ಪಶ್ಚಿಮ ಆಫ್ರಿಕಾದ ಬಹುಪಾಲು ಜನರಲ್ಲಿ ಆ ಪ್ರೋಟೀನಿನ ಜೀನನ್ನು ಆನ್ ಮಾಡುವ ಸ್ವಿಚ್ಚಿನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬೇರೆ. ಹಾಗಾಗಿ ಅವರ ರಕ್ತಕಣದ ಮೇಲೆ ಡಫಿ ಇರುವುದೇ ಇಲ್ಲ, ವೈವಾಕ್ಸ್ ಹೆಚ್ಚಾಗಿ ಹೊರಗೇ ಉಳಿಯುತ್ತದೆ. ಇದು ತಪ್ಪಾ, ಸರಿಯಾ? ಮಲೇರಿಯಾ ಇಲ್ಲದ ಊರಲ್ಲಿ ಈ ಅಕ್ಷರದಿಂದ ಅಂಥ ಲಾಭವೇನೂ ಇಲ್ಲ. ಬದಲಾವಣೆ ಸುಮ್ನೆ ಆಗಿಬಿಡುತ್ತದೆ, ನಿಜ. ಉಳಿಯುವುದು ಯಾವುದು ಅನ್ನುವುದನ್ನು ಮಾತ್ರ ಆ ಊರು, ಅಲ್ಲಿನ ಕಾಯಿಲೆ, ಅಲ್ಲಿನ ಊಟ ನೋಡಿಕೊಳ್ಳುತ್ತವೆ. ಪ್ರಶ್ನೆ ಕೇಳುವವರು ಮರೆಯುವುದು ಈ ಅರ್ಧವನ್ನೇ.

"ಅಲ್ಲಿ ಇದ್ದದ್ದು ಹೋಯ್ತು, ಹೊಸತು ಎಂತ ಬಂತು ಮೇಡಂ?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ ಮಾರಾಯ್ರೆ. ಅಮೆರಿಕದ ವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ 12 ಫ್ಲಾಸ್ಕುಗಳಲ್ಲಿ ಇ. ಕೊಲೈ ಬ್ಯಾಕ್ಟೀರಿಯಾ ಬೆಳೆಸಲು ಶುರು ಮಾಡಿದರು. ನಾವು ಹಾಲಿಗೆ ಹೆಪ್ಪು ಹಾಕುವ ಹಾಗೆ, ದಿನಾ ಸ್ವಲ್ಪ ತೆಗೆದು ಹೊಸ ದ್ರಾವಣಕ್ಕೆ ಹಾಕುವುದು, ಅಷ್ಟೇ ಕೆಲಸ. ದ್ರಾವಣದಲ್ಲಿ ಸಿಟ್ರೇಟ್ (ಲಿಂಬೆಹುಳಿಯಲ್ಲಿರುವಂಥ ಪದಾರ್ಥ) ಇತ್ತು, ಆದರೆ ಗಾಳಿ ಇರುವಾಗ ಇ. ಕೊಲೈಗೆ ಅದನ್ನು ತಿನ್ನಲಿಕ್ಕೆ ಬರುವುದಿಲ್ಲ. ಸುಮಾರು 31,500 ತಲೆಮಾರು ಕಳೆದ ಮೇಲೆ ಒಂದೇ ಒಂದು ಫ್ಲಾಸ್ಕಿನವು ತಿನ್ನಲು ಕಲಿತವು! ಸಿಟ್ರೇಟನ್ನು ಒಳಗೆ ತರುವ ಜೀನಿಗೆ ಇನ್ನೊಂದು ನಕಲು ಹುಟ್ಟಿ, ಅದು ಗಾಳಿಯಲ್ಲೂ ಕೆಲಸ ಮಾಡುವ ಬೇರೊಂದು ಸ್ವಿಚ್ಚಿನ ಪಕ್ಕ ಬಂದು ಕೂತಿತ್ತು. ಅದಕ್ಕಿಂತ ಮೊದಲೇ ಆಗಿದ್ದ ಬೇರೆ ಮ್ಯುಟೇಶನ್‌ಗಳೂ ಬೇಕಾದವು, ಅದಕ್ಕೇ ಅಷ್ಟು ವರ್ಷ.

ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ ಶಾಲಾ ಮಂಡಳಿಯವರು ಈ ಇಂಟೆಲಿಜೆಂಟ್ ಡಿಸೈನ್ ವಾದವನ್ನು ಶಾಲೆಗೆ ತರಲು ಹೋದಾಗ ಕೇಸಾಯಿತು, 2005ರಲ್ಲಿ ಕೋರ್ಟು ಅದು ವಿಜ್ಞಾನವೇ ಅಲ್ಲ ಎಂದು ತೀರ್ಪು ಕೊಟ್ಟಿತು. ನನಗೆ ಕೋರ್ಟಿಗಿಂತ ಆಡು ದೊಡ್ಡ ಸಾಕ್ಷಿ. ಆಡು ವಿಟಮಿನ್ ಸಿ ತಾನೇ ಮಾಡಿಕೊಳ್ಳುತ್ತದೆ, ನಾವು ನೆಲ್ಲಿಕಾಯಿ ತಿನ್ನಬೇಕು. ಅದನ್ನು ಮಾಡುವ ಜೀನ್ ನಮ್ಮಲ್ಲೂ ಉಂಟು, ಕೆಟ್ಟುಹೋಗಿದೆ. ಮಂಗಗಳಲ್ಲೂ ಕೆಟ್ಟಿದೆ. ಯೋಚನೆ ಮಾಡಿ ಮಾಡಿದವರು ಕೆಟ್ಟ ಸಾಮಾನನ್ನು ಇಬ್ಬರಿಗೂ ಯಾಕೆ ಕೊಟ್ಟರು?

"ಹಾಗಾದ್ರೆ ದೇವರಿಲ್ಲ ಅಂತೀಯಾ?" ಅಂತ ದೊಡ್ಡಪ್ಪ ಪ್ರತಿ ಸಲ ಕೇಳುತ್ತಾರೆ. ಕದ್ರಿ ಜಾತ್ರೆಗೆ ನಿಮ್ಮ ಜೊತೆಗೇ ಬಂದಿದ್ದೆನಲ್ಲ ದೊಡ್ಡಪ್ಪ, ಅನ್ನುತ್ತೇನೆ.