ಬೆಳಗಿನ ಮೊದಲ ಹೆಜ್ಜೆಗೆ ಚುಚ್ಚುವ ಹಿಮ್ಮಡಿ

ಹಾಸಿಗೆಯಿಂದ ಇಳಿದು ಕಾಲೂರಿದ ಕೂಡಲೇ ಹಿಮ್ಮಡಿಯೊಳಗೆ ಮೊಳೆ ಹೊಡೆದಂಥ ನೋವು. ಗೋಡೆ ಹಿಡಿದು ಬಚ್ಚಲುಮನೆ ತಲುಪುವಷ್ಟರಲ್ಲಿ ಸ್ವಲ್ಪ ಸಡಿಲ. ಕಾಫಿ ಕುಡಿದು ನಾಲ್ಕು ಸಲ ಓಡಾಡಿದ ಮೇಲೆ ಇದ್ದೂ ಇಲ್ಲದಂತೆ. ಮಧ್ಯಾಹ್ನ ಅರ್ಧ ಗಂಟೆ ಕೂತು ಎದ್ದರೆ ಮತ್ತೆ ಅದೇ ಮೊಳೆ. ಇಷ್ಟು ಹೇಳಿದರೆ ಸಾಕು, ಫಿಜಿಯೋಗೆ ಮುಕ್ಕಾಲು ಪಾಲು ಗೊತ್ತಾಗಿರುತ್ತದೆ: ಇದು ಪ್ಲಾಂಟಾರ್ ಫೇಷಿಯಾದ, ಅಂದರೆ ಅಂಗಾಲಿನ ನಾರಿನ ಪಟ್ಟಿಯ ತೊಂದರೆ. ಹಿಮ್ಮಡಿಯ ತಳದಲ್ಲಿ, ಒಳಪಾದದ ಕಡೆಗೆ ಹೆಬ್ಬೆರಳಿಂದ ಒತ್ತಿದಾಗ ನಾಣ್ಯದಷ್ಟು ಜಾಗದಲ್ಲಿ "ಅಲ್ಲೇ, ಅಲ್ಲೇ" ಎಂದು ಕಾಲೆಳೆದುಕೊಂಡರೆ ಉಳಿದ ಕಾಲು ಪಾಲೂ ಖಾತ್ರಿ.

ಅಷ್ಟರೊಳಗೆ ಹೆಚ್ಚಿನವರು ಎಕ್ಸ್‌ರೇ ತೆಗೆಸಿ, "ಮೂಳೆ ಬೆಳೆದಿದೆಯಂತೆ" ಎಂದು ಹೆದರಿಕೊಂಡು ಬಂದಿರುತ್ತಾರೆ. ಆ ಮುಳ್ಳಿನಂಥ ಮೂಳೆ ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಇರುತ್ತದೆ. ನೋವು ಪೂರ್ತಿ ವಾಸಿಯಾದ ಮೇಲೂ ಅದು ಅಲ್ಲೇ ಇರುತ್ತದೆ. ಅದನ್ನು ಮರೆತುಬಿಡಿ.

ನೋವಿನ ಮೂಲ ಹಿಮ್ಮಡಿಯಿಂದ ಕಾಲ್ಬೆರಳಿನ ಬುಡದವರೆಗೆ ಅಂಗಾಲಿನುದ್ದಕ್ಕೂ ಹಾಸಿಕೊಂಡಿರುವ ಗಟ್ಟಿ ನಾರಿನ ಪಟ್ಟಿ. ಬೆರಳುಗಳನ್ನು ಮೇಲಕ್ಕೆ ಮಡಚಿದರೆ, ರಾಟೆಗೆ ಸುತ್ತಿದ ಬಾವಿ ಹಗ್ಗದಂತೆ ಈ ಪಟ್ಟಿ ಬಿಗಿಯಾಗಿ ಪಾದದ ಕಮಾನನ್ನು ಮೇಲೆತ್ತುತ್ತದೆ. ಹಿಕ್ಸ್ ಎಂಬವರು 1954ರಲ್ಲೇ ಈ ಕೆಲಸವನ್ನು ವಿವರಿಸಿದ್ದರು. ಪ್ರತಿ ಹೆಜ್ಜೆಯ ಕೊನೆಯಲ್ಲೂ ಹಗ್ಗ ಹೀಗೆ ಬಿಗಿಯಲೇಬೇಕು. ಕಾಲಿನ ತಾಕತ್ತು ಅಷ್ಟೇ ಇದ್ದು ಹೊರೆ ಮಾತ್ರ ಏರಿದಾಗ ಹಗ್ಗದ ಬುಡ ಸವೆಯುತ್ತದೆ. ಒಂದೆರಡು ವರ್ಷದಲ್ಲಿ ತೂಕ ಎಂಟು ಹತ್ತು ಕಿಲೋ ಏರಿರುತ್ತದೆ, ಇಡೀ ದಿನ ನಿಂತೇ ಮಾಡುವ ಕೆಲಸ ಸಿಕ್ಕಿರುತ್ತದೆ, ಇಲ್ಲವೇ ಒಂದು ಸೋಮವಾರ ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಹಟ ಶುರುವಾಗಿರುತ್ತದೆ. ಈ ತೊಂದರೆಯ ಹೆಸರು ಪ್ಲಾಂಟಾರ್ ಫೇಷಿಯೈಟಿಸ್; ಹೆಸರಿನಲ್ಲಿ ಉರಿಯೂತ ಸೂಚಿಸುವ "ಐಟಿಸ್" ಇದ್ದರೂ ಉರಿಯೂತದ ಪಾಲು ಕಡಿಮೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕಂಡದ್ದು ನಾರಿನ ಸವೆತ, ಉರಿಯೂತವಲ್ಲ. ನೋವಿನ ಮಾತ್ರೆ ನುಂಗಿದ ದಿನ ಹಾಯೆನಿಸಿ, ನಿಲ್ಲಿಸಿದ ವಾರಕ್ಕೆ ನೋವು ಮರಳುವುದು ಇದಕ್ಕೇ. ಸವೆದ ನಾರು ಗಟ್ಟಿಯಾಗಬೇಕಾದರೆ ಅದಕ್ಕೆ ಅಳತೆಯ ಹೊರೆ ಬೇಕು. ಬರೀ ವಿಶ್ರಾಂತಿ ಕೊಟ್ಟರೆ ಅದು ಇನ್ನಷ್ಟು ಸೊರಗುತ್ತದೆ.

ಮೊದಲು ಬೆಳಗಿನ ಕೆಲಸ. ಕಾಲು ನೆಲಕ್ಕೆ ಇಡುವ ಮುಂಚೆಯೇ, ಹಾಸಿಗೆಯ ಅಂಚಿನಲ್ಲಿ ಕೂತು ನೋವಿರುವ ಪಾದವನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ಐದೂ ಬೆರಳುಗಳನ್ನು ಬುಡದಿಂದ ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿಂದ ಅಂಗಾಲು ಮುಟ್ಟಿ ನೋಡಿದರೆ ಪಟ್ಟಿ ವೀಣೆಯ ತಂತಿಯಂತೆ ಬಿಗಿದಿರಬೇಕು. ಬಿಗಿದಿಲ್ಲವಾದರೆ ನೀವು ಎಳೆದಿರುವುದು ಬೆರಳ ತುದಿಯನ್ನಷ್ಟೇ. 10 ಸೆಕೆಂಡು ಹಿಡಿದು ಬಿಡಿ, ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಹೊತ್ತು ಕೂತು ಏಳುವ ಮುಂಚೆಯೂ ಮಾಡಿದರೆ ಒಳ್ಳೆಯದು. ಇದು ಬೆಳಗಿನ ಚುಚ್ಚನ್ನು ತಗ್ಗಿಸುತ್ತದೆ, ಆದರೆ ನಾರನ್ನು ಗಟ್ಟಿ ಮಾಡುವ ಕೆಲಸ ಇದರದ್ದಲ್ಲ. ಟೆನಿಸ್ ಚೆಂಡು, ಐಸ್ ಬಾಟಲಿ ಉರುಳಿಸುವುದೂ ಅಷ್ಟೇ: ಹತ್ತು ನಿಮಿಷದ ಸಮಾಧಾನ.

ನಿಜವಾದ ಕೆಲಸ ಮೆಟ್ಟಿಲ ಮೇಲೆ. 2014ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು 48 ರೋಗಿಗಳ ಮೇಲೆ ಪ್ರಯೋಗ ಮಾಡಿದರು. ಎಲ್ಲರಿಗೂ ಶೂ ಒಳಗಿನ ಮೆತ್ತೆ ಕೊಟ್ಟು, ಒಂದು ಗುಂಪಿಗೆ ಬರೀ ಎಳೆತ, ಇನ್ನೊಂದಕ್ಕೆ ತೂಕ ಹೊತ್ತು ಹಿಮ್ಮಡಿ ಎತ್ತುವ ವ್ಯಾಯಾಮ ಹೇಳಿದರು. ಮೂರು ತಿಂಗಳಿಗೆ ತೂಕ ಹೊತ್ತವರು ಸ್ಪಷ್ಟವಾಗಿ ಮುಂದಿದ್ದರು. ವರ್ಷದ ಹೊತ್ತಿಗೆ ಎರಡೂ ಗುಂಪು ಸಮಸಮ. ಬೇಗ ಗುಣ ಕಾಣಬೇಕು ಅನ್ನುವವರಿಗೆ ಈ ಮೂರು ತಿಂಗಳ ಲೆಕ್ಕವೇ ಸಾಕು.

ಮಾಡುವ ಬಗೆ ಹೀಗೆ. ಟರ್ಕಿ ಟವೆಲನ್ನು ಬಿಗಿಯಾಗಿ ಸುರುಳಿ ಸುತ್ತಿ ಕೆಳಗಿನ ಮೆಟ್ಟಿಲ ಅಂಚಿನಲ್ಲಿ ಇಡಿ. (ಹೊಸ್ತಿಲು ಬೇಡ, ಎತ್ತರ ಸಾಲದು, ಮನೆಯ ಹಿರಿಯರಿಂದ ಬೈಗುಳ ಬೇರೆ.) ಬರಿಗಾಲಲ್ಲಿ, ಬೆರಳುಗಳು ಸುರುಳಿಯ ಮೇಲೆ, ಪಾದದ ಮುಂಭಾಗ ಮೆಟ್ಟಿಲ ಮೇಲೆ, ಹಿಮ್ಮಡಿ ಗಾಳಿಯಲ್ಲಿ. ಒಂಟಿ ಕಾಲಲ್ಲಿ ನಿಂತು ಮೂರು ಎಣಿಸುವಷ್ಟು ನಿಧಾನಕ್ಕೆ ಹಿಮ್ಮಡಿ ಎತ್ತಿ, ಮೇಲೆ ಎರಡು ಎಣಿಸುವವರೆಗೆ ನಿಲ್ಲಿ, ಮೂರು ಎಣಿಸುತ್ತ ಇಳಿಸಿ. ಮೇಲಿದ್ದಾಗ ಬೆರಳುಗಳು ಪೂರ್ತಿ ಮೇಲಕ್ಕೆ ಮಡಚಿರಬೇಕು; ಆಗಲೇ ರಾಟೆ ತಿರುಗಿ ಹಗ್ಗದ ಮೇಲೆ ಹೊರೆ ಬೀಳುವುದು. ಟವೆಲಿಲ್ಲದೆ ಮಾಡಿದರೆ ಹೆಚ್ಚಿನ ಕೆಲಸ ಮೀನಖಂಡಕ್ಕೇ ಹೋಗುತ್ತದೆ.

ಶುರುವಿಗೆ 12 ಸಲ ಎತ್ತಲಾಗಿ 13ನೆಯದು ಆಗದಂಥ ತೂಕ, ಮೂರು ಸುತ್ತು. ಎರಡು ವಾರದ ಮೇಲೆ ತೂಕ ಏರಿಸಿ 10ರ ನಾಲ್ಕು ಸುತ್ತು. ಇನ್ನೆರಡು ವಾರಕ್ಕೆ 8ರ ಐದು ಸುತ್ತು. ತೂಕಕ್ಕೆ ಮಕ್ಕಳ ಹಳೆಯ ಸ್ಕೂಲ್ ಬ್ಯಾಗು ಸಾಕು. ಅದರಲ್ಲಿ ಪುಸ್ತಕ ತುಂಬಬಹುದು, ಒಂದು ಲೀಟರಿನ ನೀರಿನ ಬಾಟಲಿ ಹಾಕಿದರೆ ಒಂದು ಕಿಲೋ ಎಂಬ ಲೆಕ್ಕ ಸಿಗುತ್ತದೆ. ದಿನ ಬಿಟ್ಟು ದಿನ ಮಾತ್ರ. ದಿನಾ ಮಾಡಿದರೆ ಬೇಗ ವಾಸಿಯಾದೀತು ಎನ್ನುವ ಉತ್ಸಾಹವೇ ಹತ್ತನೆಯ ದಿನ ಹೆಚ್ಚಿನವರನ್ನು ಮಲಗಿಸುವುದು. ಒಂಟಿ ಕಾಲಲ್ಲಿ ಎತ್ತಲಾಗದವರು ಮೊದಲೆರಡು ವಾರ ಎರಡೂ ಕಾಲಲ್ಲಿ ಎತ್ತಲಿ.

ತಪ್ಪುಗಳು ಹೆಚ್ಚಾಗಿ ಮೂರ್ನಾಲ್ಕೇ. ಕಂಬಿ ಹಿಡಿಯುವುದು ಬೀಳದಿರಲು. ಕೈಯಿಂದ ಮೈಯೆಳೆದುಕೊಂಡರೆ ಹೊರೆ ಕೈಗೆ ಹೋಯಿತು. ದಣಿವಾಗುತ್ತಿದ್ದಂತೆ ಮೊಣಕಾಲು ಬಾಗುತ್ತದೆ, ಪಾದ ಕಿರುಬೆರಳಿನ ಕಡೆ ವಾಲುತ್ತದೆ. ಭಾರ ಹೆಬ್ಬೆರಳಿನ ಬುಡದ ಮೇಲೇ ಇರಲಿ. ಕೊನೆಕೊನೆಗೆ ಎಣಿಕೆಯೂ ಓಡತೊಡಗುತ್ತದೆ. ಎಂಟು ಸೆಕೆಂಡಿನ ಎತ್ತು ಮೂರು ಸೆಕೆಂಡಿಗೆ ಮುಗಿದರೆ ಅಲ್ಲಿ ನಡೆದದ್ದು ಕುಣಿತ.

ಮಾಡುವಾಗ ನೋವಾದರೆ? ಆಗಲಿ, ಹತ್ತಕ್ಕೆ ಮೂರು ನಾಲ್ಕರವರೆಗೆ ಪರವಾಗಿಲ್ಲ. ತೀರ್ಪು ಕೊಡುವುದು ಮರುದಿನ ಬೆಳಗಿನ ಮೊದಲ ಹೆಜ್ಜೆ. ಗೋಡೆ ಕ್ಯಾಲೆಂಡರಿನ ತಾರೀಕಿನ ಮೂಲೆಯಲ್ಲಿ ಆ ಹೆಜ್ಜೆಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆಯಿರಿ. ವ್ಯಾಯಾಮದ ಮರುದಿನ ಅಂಕಿ ಎರಡು ಮೆಟ್ಟಿಲು ಏರಿದ್ದರೆ ತೂಕ ಇಳಿಸಿ, ಆದರೆ ನಿಲ್ಲಿಸಬೇಡಿ. ಒಂದೊಂದು ದಿನದ ಅಂಕಿಗೆ ಬೆಲೆಯಿಲ್ಲ. ಮದುವೆಮನೆಯಲ್ಲಿ ನಾಲ್ಕು ಗಂಟೆ ನಿಂತು ಬಂದ ಮರುದಿನ ಅದು ಏರಿಯೇ ಏರುತ್ತದೆ. ತಿಂಗಳ ಹಾಳೆ ತಿರುವಿ ನೋಡಿದಾಗ ಇಳಿಮುಖ ಕಂಡರೆ ಸರಿ.

ಇನ್ನು ನೆಲ. ಗ್ರಾನೈಟ್, ಟೈಲ್ಸ್ ಮೇಲೆ ದಿನಕ್ಕೆ ಐದಾರು ಗಂಟೆ ಬರಿಗಾಲಲ್ಲಿ ಓಡಾಡಿಕೊಂಡು, ಹೊರಗೆ ಹೋಗುವಾಗ ಮಾತ್ರ ಮೆತ್ತನೆ ಶೂ ಹಾಕಿದರೆ ಏನು ಬಂತು? ಮನೆಯೊಳಗಿಗೇ ಒಂದು ಜೊತೆ ಚಪ್ಪಲಿ ಬೇಕು: ತಳ ದಪ್ಪ, ಕಮಾನಿಗೆ ಒತ್ತು, ಹಿಮ್ಮಡಿ ಬೆರಳಿಗಿಂತ ಒಂದೆರಡು ಸೆಂಟಿಮೀಟರ್ ಎತ್ತರ. ಎಂಸಿಆರ್ ಎಂಬ ಮೆದು ರಬ್ಬರಿನ ಚಪ್ಪಲಿ ಮೆತ್ತಗಿರುತ್ತದೆ ನಿಜ, ಆದರೆ ಬರೀ ಚಪ್ಪಟೆಯಾದದ್ದು ತಂದು ಉಪಯೋಗವಿಲ್ಲ. ಹಿಮ್ಮಡಿಯ ಜಾಗದಲ್ಲಿ ಹೆಬ್ಬೆರಳಿಂದ ಒತ್ತಿದ ಗುಳಿ ಮೇಲೇಳದಿದ್ದರೆ ಆ ಜೊತೆಯ ಆಯಸ್ಸು ಮುಗಿದಿದೆ. ಒಳಗೆ ಚಪ್ಪಲಿ ಒಲ್ಲದ ಮನೆಗಳಲ್ಲಿ ಒಲೆಯ ಮುಂದೆ, ಸಿಂಕಿನ ಮುಂದೆ ಜಮಖಾನ ನಾಲ್ಕು ಮಡಿಕೆ ಹಾಸಿ. ದೇವರಮನೆಯ ಐದು ನಿಮಿಷದಿಂದ ಏನೂ ಆಗುವುದಿಲ್ಲ.

ಮೀನಖಂಡ ಬಿಗಿದಿದೆಯೋ ನೋಡಲು ಹೆಬ್ಬೆರಳನ್ನು ಗೋಡೆಯಿಂದ 10 ಸೆಂಟಿಮೀಟರ್ ದೂರ ಇಟ್ಟು, ಹಿಮ್ಮಡಿ ಏಳದಂತೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಮುಟ್ಟದಿದ್ದರೆ, ಅಥವಾ ಇನ್ನೊಂದು ಕಾಲಿಗಿಂತ ತುಂಬ ಕಡಿಮೆ ಇದ್ದರೆ, ಗೋಡೆಗೆ ಕೈಕೊಟ್ಟು ಮೀನಖಂಡದ ಎಳೆತವನ್ನೂ ಸೇರಿಸಿ: 30 ಸೆಕೆಂಡು, ಮೂರು ಸಲ, ಒಮ್ಮೆ ಮೊಣಕಾಲು ನೇರ, ಒಮ್ಮೆ ಬಾಗಿಸಿ.

ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಊರುವ ಮನೆಮದ್ದು ನಮ್ಮಲ್ಲಿ ಬಹಳ ಹಳೆಯದು. ಶಾಖಕ್ಕೆ ಹಿತವೆನಿಸುತ್ತದೆ, ಅಷ್ಟೇ. ಎಕ್ಕದ ಹಾಲು ಚರ್ಮಕ್ಕೆ ಉರಿ ತರುತ್ತದೆ, ಕಣ್ಣಿಗಂತೂ ತಾಗಲೇಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರು ಇಟ್ಟಿಗೆಯ ಹತ್ತಿರವೂ ಸುಳಿಯಬಾರದು, ಬಿಸಿನೀರಿನ ಬೋಗುಣಿಯೂ ಬೇಡ. ಸುಟ್ಟದ್ದು ಗೊತ್ತಾಗುವುದು ಬೊಬ್ಬೆ ಒಡೆದ ಮೇಲೆ. ಸ್ಟೀರಾಯ್ಡ್ ಇಂಜೆಕ್ಷನ್ ಸುಮಾರು ಒಂದು ತಿಂಗಳು ಕೈಹಿಡಿಯುತ್ತದೆ. ಮೇಲಿಂದ ಮೇಲೆ ಹಾಕಿಸಿಕೊಂಡರೆ ಹಿಮ್ಮಡಿಯ ಕೊಬ್ಬಿನ ದಿಂಬು ಸವೆಯಬಹುದು, ಪಟ್ಟಿ ಹರಿಯಲೂಬಹುದು. ಮೂರು ತಿಂಗಳ ವ್ಯಾಯಾಮಕ್ಕೆ ಮುಂಚೆ ಅದರ ಮಾತೆತ್ತುವುದು ಅವಸರವೇ.

ಹಿಮ್ಮಡಿ ನೋವೆಲ್ಲ ಇದೇ ಅಲ್ಲ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಮುಕಿದಾಗ ಜೀವ ಹೋದಂತಾದರೆ ಮೂಳೆಯಲ್ಲಿ ಬಿರುಕಿರಬಹುದು. ಉರಿ, ಜೋಮು ಇದ್ದರೆ ನರ. ಇಪ್ಪತ್ತು ಮೂವತ್ತರ ವಯಸ್ಸಿನವರಿಗೆ ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಿಗ್ಗೆ ಸೊಂಟ ಅರ್ಧ ಗಂಟೆಗೂ ಮೀರಿ ಸೆಟೆದುಕೊಂಡಿದ್ದರೆ ಸಂಧಿವಾತದ ವೈದ್ಯರನ್ನು ಕಾಣಬೇಕು. ರಾತ್ರಿ ಮಲಗಿದಲ್ಲೇ ನೋಯುವುದು, ಜ್ವರ, ಊತ, "ಟಪ್" ಎಂದು ಹರಿದಂತಾಗಿ ಕಾಲೂರಲಾಗದಿರುವುದು ಇದ್ದರೂ ಟವೆಲ್ ಪಕ್ಕಕ್ಕಿಟ್ಟು ಮೊದಲು ವೈದ್ಯರ ಹತ್ತಿರ ಹೋಗಿ.

ನಡಿಗೆಯನ್ನು ಪೂರ್ತಿ ಬಿಡಬೇಕಿಲ್ಲ. ಅಂಕಿ ಐದರ ಮೇಲಿದ್ದಾಗ ಹತ್ತು ನಿಮಿಷ ಸಮತಟ್ಟು ರಸ್ತೆ ಸಾಕು. ತೂಕ ಇಳಿಸುವ ಹಂಬಲವಿದ್ದರೆ ಅಷ್ಟು ದಿನ ಸೈಕಲ್ ತುಳಿಯಬಹುದು, ತಟ್ಟೆಯ ಅನ್ನ ಕಡಿಮೆ ಮಾಡಬಹುದು. ಕ್ಯಾಲೆಂಡರಿನಲ್ಲಿ ಎರಡು ವಾರ ಸತತ ಒಂದು, ಎರಡು ಅಂಕಿಗಳೇ ಕಂಡ ಮೇಲೆ ವಾರಕ್ಕೆ ಐದು ನಿಮಿಷದಂತೆ ನಡಿಗೆ ಏರಿಸಿ, ಮೆಟ್ಟಿಲ ಕೆಲಸವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ. ಬ್ಯಾಗಿನಲ್ಲಿರುವ ಬಾಟಲಿಗಳನ್ನು ಮಾತ್ರ ಆಗಲೇ ತೆಗೆಯಬೇಡಿ.